ಸಾಹೇಬರ ಗುಲಾಬಿಗೆ ವಿಭೂತಿ

ಭಾಲ್ಕಿ ತಹಸೀಲ ಕಚೇರಿಯ ಗುಮಾಸ್ತ ಮನ್ಮಥಪ್ಪನ ತಲೆಗೆ ಗಂಟುಬಿದ್ದದ್ದು ಒಂದು ಗುಲಾಬಿ ಗಿಡ.

ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ವರ್ಷವಾಗಿತ್ತು. ಧಾರವಾಡದ ಕಡೆಯಿಂದ ಬಂದಿದ್ದ ಹೊಸ ತಹಸೀಲ್ದಾರ ಸಾಹೇಬರು ತಿಂಗಳ ರಜೆಗೆ ಹೋಗುವಾಗ ತಮ್ಮ ಗುಲಾಬಿ ಕುಂಡವನ್ನು ಮನ್ಮಥಪ್ಪನಿಗೆ ಒಪ್ಪಿಸಿದ್ದರು. ತಿರುಗಿ ಬಂದ ದಿನವೇ ಕಚೇರಿಯ ಇಬ್ಬರು ಗುಮಾಸ್ತರಲ್ಲಿ ಒಬ್ಬನನ್ನು ಔರಾದಕ್ಕೆ ವರ್ಗ ಮಾಡುವುದಿತ್ತು. ಒಬ್ಬ ಮನ್ಮಥಪ್ಪ, ಇನ್ನೊಬ್ಬ ಹಾವಗೆಪ್ಪ. ಔರಾದಕ್ಕೆ ರೈಲಿಲ್ಲ, ಮಳೆ ಬಂದರೆ ರಸ್ತೆಯೂ ಇಲ್ಲ. ಮನ್ಮಥಪ್ಪನ ತಾಯಿ ಗಂಗುಬಾಯಿಯಂತೂ, "ಸತ್ರೂ ನಾ ಭಾಲ್ಕಿ ಬಿಡಂಗಿಲ್ಲ. ಹೋಗೋದಿದ್ರ ನೀ ಒಬ್ಬನ ಹೋಗು" ಎಂದುಬಿಟ್ಟಿದ್ದಳು. ಮನ್ಮಥಪ್ಪ ಒಲೆ ಹೊತ್ತಿಸಲೂ ಬಾರದ ಬ್ರಹ್ಮಚಾರಿ. ಔರಾದಕ್ಕೆ ಹೋದರೆ ಉಪವಾಸವೇ ಗತಿ.

ಸಾಹೇಬರು ಸಂಜೆಯ ರೈಲಿಗೆ ಬರುವವರಿದ್ದರು. ಬೆಳಿಗ್ಗೆ ಎದ್ದು ನೋಡಿದರೆ, ವಾರದಿಂದ ಬಣ್ಣ ತಿರುಗುತ್ತಿದ್ದ ಗಿಡ ಪೂರಾ ಹಳದಿಯಾಗಿ ನಿಂತಿತ್ತು. ಮನ್ಮಥಪ್ಪ ಓಡಿಹೋಗಿ ಗುಲಾಮ ರಸೂಲನನ್ನು ಕರೆತಂದ. ಆತ ನವಾಬರ ತೋಟದಲ್ಲಿ ಮೂವತ್ತು ವರ್ಷ ಮಾಲಿಯಾಗಿದ್ದ ಮುದುಕ.

ರಸೂಲ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡ. ಕಣ್ಣು ಮುಚ್ಚಿ ರುಚಿ ನೋಡಿ, ಉಗುಳಿದ.

"ಬೀದರದ ಕೆಂಪು ಮಣ್ಣು ಇದು, ಹುಳಿ ಇರಬೇಕು. ಹುಳಿ ಸತ್ತು ಸವಳಾಗ್ಯದ. ಯಾರರ ಸುಣ್ಣಾ ಬೂದಿ ಹಾಕೀರೇನ್ರಿ?"

"ಬೂದಿ ಯಾಕ ಹಾಕ್ತೀನಿ?" ಎಂದಳು ಗಂಗುಬಾಯಿ. "ಲಿಂಗಪೂಜಿ ನೀರು ತುಳಿಯೋ ಜಾಗಾದಾಗ ಚೆಲ್ಲಬಾರದಂತ ದಿನಾ ಇದರಾಗ ಹಾಕ್ತೀನಿ. ಹಳದಿ ಆತು, ದೃಷ್ಟಿ ತಾಗ್ಯದಂತ ವಾರದಿಂದ ಒಂದೊಂದು ಹಿಡಿ ವಿಭೂತಿನೂ ಹಾಕೀನಿ."

ಕುಂಡದ ಹೊಟ್ಟೆಯ ಮೇಲೂ ಮೂರು ಪಟ್ಟೆ ಬಳಿದಿದ್ದಳು.

"ಮಣ್ಣಿನಾಗ ಸತ್ವಾ ಅದ ಬೇಟಾ," ರಸೂಲ ಮನ್ಮಥಪ್ಪನಿಗೆ ಹೇಳಿದ. "ಸವಳು ಏರಿದ್ರ ಬೇರಿಗೆ ಸಿಗಂಗಿಲ್ಲ. ಬುತ್ತಿ ಮುಂದಿಟ್ಟು ಬಾಯಿ ಕಟ್ಟಿದಂಗ. ಮಣ್ಣು ಬದಲ ಮಾಡು."

"ವಿಭೂತಿ ಕೂಡಿದ ಮಣ್ಣು ತಿಪ್ಪಿಗೆ ಒಗೀತೀಯೇನೋ?" ಎಂದು ಗಂಗುಬಾಯಿ ಕುಂಡಕ್ಕೆ ಅಡ್ಡ ಕುಳಿತಳು.

ರಸೂಲ ಲಿಂಗಾಯತರ ಮನೆಯ ವಿಭೂತಿಯ ವಿಷಯಕ್ಕೆ ಹೋಗುವಷ್ಟು ದಡ್ಡನಲ್ಲ. "ಹಂಗಾದ್ರ ಹುಣಸಿ ನೀರು ಕೊಡ್ರಿ. ತೆಳ್ಳಗ, ಒಂದೇ ಲೋಟಾ. ಹದಿನೈದು ದಿನಕ್ಕೊಮ್ಮಿ" ಎಂದು ಹೇಳಿ ಹೊರಟುಹೋದ.

ಹದಿನೈದು ದಿನ ಯಾರ ಹತ್ತಿರ ಇತ್ತು? ಮನ್ಮಥಪ್ಪ ಒಂದು ತಂಬಿಗೆ ಗಟ್ಟಿ ಹುಣಸೆ ನೀರು ಹೊಯ್ದ. ಗಿಡಕ್ಕೆ ಹುಳಿ ಬೇಕಂತೆ ಎಂಬ ಸುದ್ದಿ ಓಣಿಯಲ್ಲಿ ಹಬ್ಬಿತು. ಪಕ್ಕದ ಮನೆಯ ರಹೀಮುನ್ನಿಸಾ, "ಪಾಪ, ನಿನ್ನಿ ಮಜ್ಜಗಿ ಉಳಿದಿತ್ತು" ಎಂದು ಒಂದು ಗಡಿಗೆ ತಂದು ಸುರಿದಳು. ಹಾವಗೆಪ್ಪನೂ ಬಂದ.

"ನಿಂಬಿ ಉಪ್ಪಿನಕಾಯಿ ನೀರು ತಂದೀನ್ರಿ," ಎಂದ. "ಮೂರು ವರ್ಷದ್ದು. ಇದಕ್ಕಿಂತ ಹುಳಿ ಭಾಲ್ಕಿ ತಾಲ್ಲೂಕಿನಾಗ ಸಿಗಂಗಿಲ್ಲ."

"ಅದರಾಗ ಉಪ್ಪದಲ್ರಿ?"

"ಉಪ್ಪಿಲ್ದ ಯಾರರ ಉಣ್ತಾರೇನ್ರಿ?"

ಮನ್ಮಥಪ್ಪನಿಗೆ ಇದು ಸರಿ ಎನ್ನಿಸಿತು. ಅದನ್ನೂ ಹೊಯ್ದ. ದೇವರ ನೀರಿನ ಮೇಲೆ ಕಂಡಕಂಡವರು ಏನೇನೋ ಹೊಯ್ದರೆಂದು ಗಂಗುಬಾಯಿ ಶಾಂತಿಗಾಗಿ ಇನ್ನೊಂದು ಹಿಡಿ ವಿಭೂತಿ ಹಾಕಿದಳು. ಕುಂಡ ಬುಸ್ಸೆಂದು ನೊರೆ ಕಾರಿತು.

ಮಧ್ಯಾಹ್ನದ ಹೊತ್ತಿಗೆ ಎಲೆಗಳೆಲ್ಲ ಜೋತುಬಿದ್ದವು. ಬೆರಳು ತಾಗಿಸಿದರೆ ಉದುರಿದವು. ಸಂಜೆಯಾಗುತ್ತಲೇ ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು ಕೇಳಿಸಿತು. ಮನ್ಮಥಪ್ಪನಿಗೆ ಅಳುವೇ ಬಂತು. ಎದುರಿಗೆ ತಾಯಿಯ ಅಡಕತ್ತರಿ ಕಾಣಿಸಿತು. ಉಳಿದ ಎಲೆ ಕಿತ್ತು, ಕೊಂಬೆಗಳನ್ನೆಲ್ಲ ಗೇಣುದ್ದಕ್ಕೆ ಕತ್ತರಿಸಿಬಿಟ್ಟ. ಕುಂಡದಲ್ಲಿ ನಾಲ್ಕು ಕಡ್ಡಿ ಉಳಿದವು.

ಸಾಹೇಬರು ಸ್ಟೇಷನ್ನಿನಿಂದ ನೇರ ಬಂದರು. ಜೊತೆಗೆ ಅವರ ಪೆಟ್ಟಿಗೆ ಹೊತ್ತ ಹಾವಗೆಪ್ಪ.

"ಏನ್ರಿ ಮನ್ಮಥಪ್ಪ ಇದು?"

"ಕತ್ತರಿಸೀನ್ರಿ ಸಾಹೇಬ್ರ," ಎಂದ ಮನ್ಮಥಪ್ಪ, ನೆಲ ನೋಡುತ್ತ. "ಹಿಂಗ ಕತ್ತರಿಸಿದ್ರ ಚಿಗುರು ಚಲೋ ಬರ್ತದ್ರಿ."

ಸಾಹೇಬರು ಬಗ್ಗಿ ಮಣ್ಣನ್ನು ಮೂಸಿದರು. "ಹುಳಿ ವಾಸನಿ ಬರ್ತದಲ್ಲ?"

"ಮಣ್ಣು ಸವಳಾಗಿತ್ರಿ. ಸತ್ವಾ ಇದ್ರೂ ಬೇರಿಗೆ ಸಿಗ್ತಿರಲಿಲ್ರಿ. ಬುತ್ತಿ ಮುಂದಿಟ್ಟು ಬಾಯಿ ಕಟ್ಟಿದಂಗ. ಅದಕ್ಕ ಹುಳಿ ಕೊಟ್ಟೀನ್ರಿ."

ಸಾಹೇಬರು ಮೆಚ್ಚಿ ತಲೆದೂಗಿದರು. ಹೊಗಳಿಕೆಯ ವಾಸನೆ ಹತ್ತಿದ ಹಾವಗೆಪ್ಪ, ಉಪ್ಪಿನಕಾಯಿ ನೀರು ತನ್ನದೇ ಎಂದು ಹೇಳಲು ಬಾಯಿ ತೆರೆದ.

"ನೀರು ಹಾಕಾವರು ಎಲ್ಲಾ ಕಡೆ ಸಿಗ್ತಾರ," ಎಂದರು ಸಾಹೇಬರು. "ಮಣ್ಣು ತಿಳಿದು, ಧೈರ್ಯಾ ಮಾಡಿ ಕತ್ತರಿಸಾವರು ಸಿಗಂಗಿಲ್ಲ. ಔರಾದ ಕಚೇರಿ ಅಂಗಳದಾಗ ಅರವತ್ತು ಕುಂಡ ಇಟ್ಟಾರ. ಎಲ್ಲಾ ಸವಳು ಹತ್ತಿ ಹಳದಿ ಆಗ್ಯಾವಂತ ಮೇಲಿನವರು ಬರದಾರ."

ಹಾವಗೆಪ್ಪ ಬಾಯಿ ಮುಚ್ಚಿಕೊಂಡ.

ಸಾಹೇಬರು ಜೇಬಿನಿಂದ ವರ್ಗಾವಣೆಯ ಹುಕುಮು ತೆಗೆದರು. ಅದರಲ್ಲಿ ಹಾವಗೆಪ್ಪನ ಹೆಸರು ಬರೆದಾಗಿತ್ತು. ಪೆನ್ನು ತೆಗೆದು ಅದನ್ನು ಹೊಡೆದುಹಾಕಿ, ಮೇಲೆ ಮನ್ಮಥಪ್ಪನ ಹೆಸರು ಬರೆದು ರುಜು ಹಾಕಿದರು. "ಈ ಕುಂಡಾನೂ ಒಯ್ಯಿರಿ. ಚಿಗುರಿದ ಮ್ಯಾಲೆ ಬಂದು ನೋಡ್ತೀನಿ" ಎಂದರು.

ಹಾವಗೆಪ್ಪ ಅಂದೇ ಒಬ್ಬ ಗಾಡಿಯವನನ್ನು ಗೊತ್ತುಮಾಡಿ ಕಳಿಸಿದ.

ಮರುದಿನ ಬೆಳಿಗ್ಗೆ ಗಾಡಿ ಹೊರಡುವಾಗ ಗಂಗುಬಾಯಿ ಕಣ್ಣೊರೆಸಿಕೊಳ್ಳುತ್ತ ಬಂದು ಮಗನ ಹಣೆಗೆ ವಿಭೂತಿ ಹಚ್ಚಿದಳು. "ನಿನಗೂ ದೃಷ್ಟಿ ತಾಗ್ಯದ" ಎಂದಳು. ಅಂಗೈಯಲ್ಲಿ ಉಳಿದದ್ದನ್ನು ಕುಂಡದೊಳಗೆ ಝಾಡಿಸಿದಳು.