ಹನ್ನೊಂದು ಸುತ್ತು ಟೇಪು

ಬೆಳಿಗ್ಗೆ ಐದು ಗಂಟೆ ಹನ್ನೆರಡು ನಿಮಿಷ. ನಾನು ಕ್ಯಾಮೆರಾದ ಮೂರನೇ ಬಿಡಿ ಬ್ಯಾಟರಿಗೆ ಇನ್ಸುಲೇಷನ್ ಟೇಪು ಸುತ್ತುತ್ತಿದ್ದೆ. ಹನ್ನೊಂದು ಸುತ್ತು. ಎರಡು ಸಾಕೆಂದು ಬಲ್ಲೆ. ಆದರೆ ಮತ್ತಿಗಿರಿ ಕಡೆಯ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಗುಣಮಟ್ಟ ಪರೀಕ್ಷಿಸಿದವನಿಗೆ (ಮೇಲಾಗಿ ಭೌತಶಾಸ್ತ್ರದ ಬಿ.ಎಸ್ಸಿ.) ‘ಸಾಕು’ ಎಂಬ ಮಾತು ಸುಲಭವಾಗಿ ಬಾಯಿಗೆ ಬರುವುದಿಲ್ಲ.

“ಎಳೆಕೂಸಿಗೆ ಸುತ್ತಿದಂಗೆ ಸುತ್ತುತಾ ಇದೀರಲ್ಲ,” ಎಂದಳು ಹೆಂಡತಿ ವೆಂಕಟಲಕ್ಷ್ಮಿ. “ಒಂದು ಕುಲಾವಿನೂ ಹಾಕ್ಬುಡಿ.”

“ತುದಿಗೆ ಲೋಹ ತಾಗಿದ್ರೆ ಬೆಂಕಿ ಕಣೇ. ಅದಕ್ಕೇ ವಿಮಾನದಲ್ಲಿ ಬಿಡಿ ಬ್ಯಾಟರಿ ಕೆಳಗೆ ಹೋಗೋ ಪೆಟ್ಟಿಗೇಲಿ ಇರಬಾರದು, ಕೈಚೀಲದಲ್ಲೇ ಇರಬೇಕು. ಒಂದೊಂದೂ ಏಳು ಪಾಯಿಂಟ್ ಎರಡು ವ್ಯಾಟ್-ಗಂಟೆ. ಮಿತಿ ನೂರು.”

“ಕತ್ರಿ?”

“ಕತ್ತರಿ, ಬ್ಲೇಡು, ಎಲ್ಲಾ ಕೆಳಗಿನ ಪೆಟ್ಟಿಗೆಗೆ.”

ನಾವು ಹೊರಟಿದ್ದು ಮಧುರೈಗೆ, ನಾದಿನಿ ಸುಧಾಳ ಗೃಹಪ್ರವೇಶಕ್ಕೆ. ಇಬ್ಬರಿಗೂ ಮೊದಲ ವಿಮಾನ. ಆದರೆ ವೆಂಕಟಲಕ್ಷ್ಮಿಯ ಮನಸ್ಸು ಮಧುರೈಯಲ್ಲಿರಲಿಲ್ಲ. ವಿಮಾನ ಅವಳ ತವರಾದ ಅಂಚೆಟ್ಟಿಯ ಪಕ್ಕದಲ್ಲೇ ಹಾದುಹೋಗುತ್ತದೆಂದು ನಕ್ಷೆ, ಅಳತೆಪಟ್ಟಿ ಇಟ್ಟು ನಾನೇ ಲೆಕ್ಕ ಹಾಕಿ ಹೇಳಿದ್ದೆ: ಹಾರಿದ ಹದಿನೈದನೇ ನಿಮಿಷ, ಬಲಗಡೆಯ ಕಿಟಕಿ. ಅಂದಿನಿಂದ ಅವಳು ಸಾರಿಗೆ ಉಪ್ಪು ಹಾಕುವಾಗಲೂ ಆಕಾಶದಲ್ಲೇ ಇರುತ್ತಿದ್ದಳು. ಮಾವ ಚಿನ್ನಸ್ವಾಮಿಯವರಂತೂ ಫೋನಿನಲ್ಲಿ, “ರಾಗಿ ಒಕ್ಕೋ ಕಳದಾಗೆ ನೀಲಿ ಟಾರ್ಪಾಲು ಹಾಸಿ ಮೇಲೆ ನಿಂತ್ಕೊಂತೀನಿ. ನಿನ್ ಗಂಡಂಗೆ ಪಟ ಹಿಡಿಯಾಕೇಳಮ್ಮ,” ಎಂದಿದ್ದರು. ಹಿಡಿಯುತ್ತೇನೆಂದು ನಾನು ಮಾತು ಕೊಟ್ಟಿದ್ದೆ.

ವಿಮಾನ ಏರಿತು. ಹಾಲು ಆರುವಾಗ ಕೆನೆ ಸರಿದಂತೆ ಮೋಡ ಮೆಲ್ಲಗೆ ಸರಿಯಿತು. ಕೆಳಗೆ ಭೂಮಿ ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತಿರುವ ಹಾಗಿತ್ತು. ವೆಂಕಟಲಕ್ಷ್ಮಿ ಗಾಜಿಗೆ ಹಣೆಯಿಟ್ಟು ಕೂತಿದ್ದಳು. ಅವಳ ಉಸಿರಿನ ಮಂಜು ಗಾಜಿನ ಮೇಲೆ ಬಂದು ಹೋಗುತ್ತಿತ್ತು.

ಹದಿಮೂರನೇ ನಿಮಿಷಕ್ಕೆ ಕ್ಯಾಮೆರಾ ಒತ್ತಿದೆ. ಸತ್ತಿತ್ತು. (ಬೆಳಿಗ್ಗೆ ಪ್ರತಿ ಬಿಡಿ ಬ್ಯಾಟರಿಗೂ ಆರು ದಿಕ್ಕಿನಿಂದ ದಾಖಲೆಯ ಫೋಟೋ ತೆಗೆದು, ಒಳಗೆ ಅರೆಜೀವವಾಗಿದ್ದ ಬ್ಯಾಟರಿಯನ್ನು ನಾನೇ ಬರಿದು ಮಾಡಿದ್ದೆ.) ಚಿಂತೆಯಿಲ್ಲ, ಮೂರಿವೆಯಲ್ಲ. ಒಂದನ್ನು ತೆಗೆದು ಟೇಪಿನ ತುದಿ ಹುಡುಕಿದೆ. ಸಿಗಲಿಲ್ಲ. ನನ್ನ ಗುಣಮಟ್ಟ ಅಂಥದ್ದು. ಉಗುರನ್ನು ಹಿಂದಿನ ದಿನವಷ್ಟೇ ಕತ್ತರಿಸಿಕೊಂಡಿದ್ದೆ. ಎರಡನೆಯದನ್ನು ನೋಡಿದೆ, ಮೂರನೆಯದನ್ನು ನೋಡಿದೆ. ಮೂರೂ ಒಂದೇ ತಾಯಿಯ ಮಕ್ಕಳು.

“ಪಲ್ಲಾಲೆ ಕಡಿಂಗ ಸಾರ್,” ಎಂದು ಪಕ್ಕದ ಸೀಟಿನವರು ಹಲ್ಲಿನಿಂದ ಕಚ್ಚಲು ಸಲಹೆ ಕೊಟ್ಟರು. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಏನಾಗುತ್ತದೆಂದು ಅವರಿಗೆ ತಮಿಳಿನಲ್ಲಿ ಸವಿಸ್ತಾರವಾಗಿ ವಿವರಿಸಿದೆ. ಅವರು ಸೀಟ್ ಬೆಲ್ಟನ್ನು ಇನ್ನಷ್ಟು ಬಿಗಿ ಮಾಡಿಕೊಂಡರು.

ಕೊನೆಗೆ ಟೇಪಿನ ತುದಿ ಸಿಕ್ಕಿತು. ಹನ್ನೊಂದೂ ಸುತ್ತು ಬಿಚ್ಚಿ, ಬ್ಯಾಟರಿ ಹಾಕಿ, ಕ್ಯಾಮೆರಾವನ್ನು ಕಿಟಕಿಗೆ ಹಿಡಿದೆ. ಬರೀ ಮೋಡ.

“ಹೋಯ್ತು,” ಎಂದಳು ವೆಂಕಟಲಕ್ಷ್ಮಿ. ಅವಳಿನ್ನೂ ಗಾಜಿಗೆ ಹಣೆಯಿಟ್ಟೇ ಇದ್ದಳು.

“ಕಾಣಿಸ್ತಾ?”

“ಕಾಣಿಸ್ತು. ನೀಲಿ ಚುಕ್ಕಿ. ಅಪ್ಪ ಅದರಾಗೆಲ್ಲೋ ಅವ್ರೆ. ಇಸ್ಕೂಲಿಗೆ ಎರಡು ಗಂಟೆ ನಡೀತಿದ್ದ ದಾರಿ ಕಣ್ರಿ, ಇಲ್ಲಿಂದ ನೋಡುದ್ರೆ ನನ್ ಉಗುರಷ್ಟೇ.”

“ನನ್ನ ಕರೀಬಾರದಿತ್ತಾ?”

“ಮೂರ್ ಸಲ ಕರ್ದೆ. ಮೂರ್ ಸಲಾನೂ ‘ಒಂದ್ನಿಮಿಷ’ ಅಂದ್ರಿ.”

ನಾನು ಟೇಪಿನ ಉಂಡೆಯನ್ನು ಜೇಬಿಗೆ ಹಾಕಿಕೊಂಡೆ. ಮಾವನ ಪಟ ಇಲ್ಲ. ಬೈಯುತ್ತಾಳೆಂದುಕೊಂಡರೆ, ಅವಳು ಕನಸಿನಲ್ಲಿದ್ದವಳಂತೆ ನಕ್ಕಳು.

“ಬುಡಿ. ನೀವು ಹೆಣ್ಣು ನೋಡೋಕೆ ಬಂದಾಗ್ಲೂ ಇಂಗೇ. ನನ್ನ ಬುಟ್ಟು ನಮ್ಮನೆ ಗೋಡೆ ಗಡಿಯಾರಾನೇ ನೋಡ್ತಾ ಕೂತಿದ್ರಿ. ‘ಹುಡುಗಿ ಹೆಂಗವ್ಳಪ್ಪ’ ಅಂತ ಅಪ್ಪ ಕೇಳುದ್ರೆ ಏನಂದ್ರಿ, ಗ್ಯಾಪ್ಕ ಐತಾ?”

ಇತ್ತು. ನನ್ನ ಕೈಗಡಿಯಾರಕ್ಕೆ ಹೋಲಿಸಿ ನೋಡಿ, ನೆಂಟರು ತುಂಬಿದ ಹಜಾರದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದೆ:

“ಸ್ಲೋ ಐತೆ. ನಾಲ್ಕು ನಿಮಿಷ.”