ರಿಸಲ್ಟಿನ ಪೆಟ್ಟಿಗೆ

ಎಲ್ಲ ತಾಪತ್ರಯಕ್ಕೂ ಕಾರಣ ಶ್ರೀಶೈಲನ ಒಂದು ಸಣ್ಣ ಆಸೆ. ಎಸ್ಸೆಸ್ಸೆಲ್ಸಿ ರಿಸಲ್ಟನ್ನು ಮುದ್ದೇಬಿಹಾಳದ ಜನ ತಾನೇ ಬರೆದ ಪ್ರೋಗ್ರಾಮಿನಲ್ಲಿ ನೋಡಬೇಕು. ಮೇಲೆ ತನ್ನ ಕಂಪ್ಯೂಟರ್ ಕ್ಲಾಸಿನ ಹೆಸರು, ಕೆಳಗೊಂದು ಬಿಳಿ ಪೆಟ್ಟಿಗೆ. ನಂಬರು ಹೊಡೆದರೆ ಸರ್ಕಾರದ ರಿಸಲ್ಟಿನ ವೆಬ್ ಪುಟವೇ ಬಂದು ಆ ಪೆಟ್ಟಿಗೆಯೊಳಗೆ ಕೂರಬೇಕು. ಒಂದು ತಿಂಗಳು ಕಣ್ಣು ಕೆಂಪಾಗಿಸಿಕೊಂಡು ಅದನ್ನು ಬರೆದಿದ್ದ. ಬಸ್ ಸ್ಟ್ಯಾಂಡಿನ ತುಂಬ ಚೀಟಿ ಅಂಟಿಸಿದ್ದ.

೨೦೦೩ರ ಮೇ ತಿಂಗಳ ಆ ಬೆಳಿಗ್ಗೆ ಅವನು ಬಾಗಿಲು ತೆಗೆಯುವ ಮೊದಲೇ ಜನ ಸಾಲುಗಟ್ಟಿದ್ದರು. ಮೊದಲು ಒಳಗೆ ಬಂದದ್ದು ಪೋಸ್ಟ್‌ಮನ್ ಧರೆಪ್ಪ ಮತ್ತು ಅವನ ಮಗಳು ಸಾಕ್ಷಿ. ಹಿಂದೆಯೇ, ಯಾರೂ ಕರೆಯದಿದ್ದರೂ, ಪಕ್ಕದ ಚಾದಂಗಡಿಯ ಚಂದ್ರಾಮ.

ಶ್ರೀಶೈಲ ನಂಬರು ಹೊಡೆದ. ಪುಟವೇನೋ ಬಂತು, ಆದರೆ ಹರಿದ ಗಾದಿಯ ಹತ್ತಿಯಂತೆ ಚೆಲ್ಲಾಪಿಲ್ಲಿಯಾಗಿ. ಎಲ್ಲೆಲ್ಲೂ ಬಾಣದ ಮೊನೆಗಳು, ಅವುಗಳ ನಡುವೆ ಇಂಗ್ಲಿಷಿನ ಟಿಆರ್, ಟಿಡಿ, ಬಾಡಿ.

"ಬಾಡಿ ಅಂತ ಬರದೈತಲ್ಲೋ! ಯಾರ ಬಾಡಿ?" ಚಂದ್ರಾಮ ಕೂಗಿದ.

"ಟಿಡಿ ಅಂದ್ರೇನ್ರಿ ಸರ್? ಥರ್ಡ್ ಡಿವಿಜನ್ನಾ?" ಧರೆಪ್ಪ ಮುಂದೆ ಬಾಗಿ ಕೇಳಿದ.

"ಅಲ್ರಿ! ಅವು ಪುಟಾ ಕಟ್ಟೂ ಗುರ್ತ್ರಿ..."

"ಗುರ್ತಿದ್ರ ಇಪ್ಪತ್ತ ಸರ್ತಿ ಯಾಕ ಬರೀತಾರ?" ಚಂದ್ರಾಮ ಬೀದಿಗೆ ತಿರುಗಿ ಸುದ್ದಿ ಸಾರಿದ. "ಧರೆಪ್ಪನ ಮಗಳದು ಥರ್ಡ್ ಡಿವಿಜನ್ನರೆಪಾ!"

ಸಾಕ್ಷಿ ಅಳತೊಡಗಿದಳು. ಹೊರಗಿದ್ದ ತಾಯಿ ರೇಣವ್ವ ಜನರನ್ನು ಸೀಳಿಕೊಂಡು ಬಂದಳು. "ನನ್ನ ಮಗಳು ಹಗಲೂ ರಾತ್ರಿ ಓದ್ಯಾಳ! ನಿನ್ನ ಪೆಟಗಿಗಿ ಬೆಂಕಿ ಬೀಳ್ಲಿ!"

"ಯವ್ವಾ, ಐದ ಮಿಂಟ್ ಬಾಯಿ ಮುಚ್ಚಗೊಂಡ ನಿಲ್ರಿ ಎಲ್ಲಾರೂ!" ಶ್ರೀಶೈಲ ಹಣೆ ಚಚ್ಚಿಕೊಂಡ. ಬಂದದ್ದು ವೆಬ್ ಪುಟ ಎಂದು ಪೆಟ್ಟಿಗೆಗೆ ಹೇಳುವುದನ್ನೇ ಮರೆತಿದ್ದ. ಅದು ಎಲ್ಲವನ್ನೂ ಬರೀ ಅಕ್ಷರವೆಂದು ತಿಳಿದು ಸುರಿದಿತ್ತು. ಒಂದು ಸಾಲು ಸೇರಿಸಿದ. ಈಗ ಪುಟ ಗೆರೆ, ಬಣ್ಣಗಳೊಡನೆ ಮದುವೆ ಕರೆಯೋಲೆಯಂತೆ ಬಂದು ನಿಂತಿತು. ನಡುವೆ ದಪ್ಪಕ್ಷರದಲ್ಲಿ: ಫಸ್ಟ್ ಕ್ಲಾಸ್.

ಬೆಂಕಿ ಹಾಕಲು ಹೊರಟಿದ್ದ ರೇಣವ್ವ ಕಂಪ್ಯೂಟರಿಗೇ ದೃಷ್ಟಿ ತೆಗೆದು ಲಟಿಗೆ ಮುರಿದಳು.

ಮುಂದಿನ ಹುಡುಗಿಯದೂ ಫಸ್ಟ್ ಕ್ಲಾಸ್. ಅದರ ಮುಂದಿನವನದೂ. ಪುಟದ ಮೇಲೆ ಹೆಸರಿರಲಿಲ್ಲ. ನಂಬರು ಇರುವೆಯಂಥ ಅಕ್ಷರದಲ್ಲಿ ಮೂಲೆಯಲ್ಲಿತ್ತು. ದಪ್ಪಕ್ಷರ ಬಿಟ್ಟು ಯಾರ ಕಣ್ಣೂ ಅತ್ತ ಹೋಗಲಿಲ್ಲ. ಚಂದ್ರಾಮ ಒಬ್ಬೊಬ್ಬರದನ್ನೂ ಬೀದಿಗೆ ಕೂಗಿ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಪೇಟೆಯಲ್ಲಿ ಪೇಡೆ ಮುಗಿದವು.

"ನಂದೂ ಒಂದ ನೋಡೋ ತಮ್ಮಾ," ಎಂದು ಚಂದ್ರಾಮ ನಂಬರು ಹೇಳಿದ.

ಫಸ್ಟ್ ಕ್ಲಾಸ್.

"ಯಾರ್ದಣ್ಣಾ ಇದು?"

"ನನ್ನ ಮೊಪೆಡ್ಡಿಂದು."

ಶ್ರೀಶೈಲ ಪುಟದ ಮೂಲೆಗೆ ಕಣ್ಣು ಹಾಯಿಸಿದ. ಅಲ್ಲಿದ್ದದ್ದು ಸಾಕ್ಷಿಯ ನಂಬರು! ಯಾರದನ್ನು ಕೇಳಿದರೂ ಪುಟದ ವಿಳಾಸ ಒಂದೇ. ಆ ಪುಟ ತನ್ನಲ್ಲಿ ಆಗಲೇ ಇದೆಯೆಂದು ಪೆಟ್ಟಿಗೆ ಹೊಸದನ್ನು ತರಿಸದೆ ಬೆಳಗಿನಿಂದ ಸಾಕ್ಷಿಯ ರಿಸಲ್ಟನ್ನೇ ತೋರಿಸುತ್ತಿತ್ತು.

ಅದನ್ನು ಸರಿಪಡಿಸಿ, ಬೀದಿಗೆ ಸ್ಟೂಲು ತಂದು ಹತ್ತಿದ. "ನನ್ನ ತಪ್ಪಾಗೇತ್ರಿ! ಎಲ್ಲಾರೂ ಮತ್ತ ಬಂದು ನೋಡ್ಕೊಂಡ ಹೋಗ್ರಿ!"

"ಒಮ್ಮಿ ಪಾಸಾದವರ್ನ ಮತ್ತ್ಯಾಕ ಕಾಡ್ತಿ?" ಎಂದರು ಜನ. ಸೈಕಲ್ ಏರಿ ಮನೆಮನೆಗೆ ಹೋದ. ಎಲ್ಲರೂ ಅವನ ಬಾಯಿಗೇ ಪೇಡೆ ತುರುಕಿ ಮಾತು ನಿಲ್ಲಿಸಿದರು.

ಸಂಜೆ ನಾಲ್ಕಕ್ಕೆ ಸೋತು ಮರಳಿದರೆ, ಬಾಗಿಲಲ್ಲಿ ಬೆಳಗಿನದರ ಎರಡರಷ್ಟು ಸಾಲು! ಅಂತೂ ಜನಕ್ಕೆ ಬುದ್ಧಿ ಬಂತೆಂದು ಅವನಿಗೆ ಜೀವ ಬಂದಂತಾಯಿತು. ಮುಂದಿದ್ದ ಮುದುಕ ಮೊಮ್ಮಗಳ ನಂಬರಿನ ಚೀಟಿ ಕೊಟ್ಟ. ಶ್ರೀಶೈಲ ಹೊಡೆದು, ಮೂಲೆಯ ನಂಬರನ್ನು ಎರಡು ಸಲ ತಾಳೆ ನೋಡಿ, ಮೆಲ್ಲಗೆ ಹೇಳಿದ: "ಫೇಲ್ ಐತ್ರಿ, ಅಜ್ಜಾರ."

"ಅದು ಗೊತ್ತೈತ್ರಿ. ಮುಂಜಾನಿ ಬಾಗೇವಾಡ್ಯಾಗ ನೋಡೀನಿ, ಅಲ್ಲೂ ಹಿಂಗ ಬಂದೈತಿ," ಎಂದ ಮುದುಕ ಕುರ್ಚಿ ಹತ್ತಿರ ಎಳೆದುಕೊಂಡು. "ನಿಮ್ಮ ಮಷೀನ್ದಾಗ ಎಲ್ಲಾರೂ ಪಾಸ್ ಆಗ್ತಾರಂತ ಕೇಳಿ ಇಂಗಳೇಶ್ವರದಿಂದ ಎರಡ ಬಸ್ ಬದಲಿ ಮಾಡಿ ಬಂದೇನ್ರಿ. ನೀವು ಮುಂಜಾನಿ ತೋರಿಸಿದ್ದನ್ನ ಹಚ್ರಿ."

ಹಿಂದಿನ ಸಾಲಿಗೆ ಸಾಲೇ ಹೌದೆಂದು ತಲೆಯಾಡಿಸಿತು.