ನಲವತ್ತು ಎದೆ, ನಲವತ್ತು ತೋಳು, ಒಂದು ಅಂಗಿ

ಲೋಕದಲ್ಲಿ ಇದುವರೆಗೆ ಅಂಗಿ ಹೊಲಿದವರೆಲ್ಲ ಅಂದಾಜಿನ ಮೇಲೆ ಹೊಲಿದಿದ್ದಾರೆ, ಶುದ್ಧ ವಿಜ್ಞಾನದ ಮೇಲೆ ಹೊಲಿಯುವ ಮೊದಲ ವ್ಯಕ್ತಿ ನಾನೇ ಎಂದು ಒಂದು ಭಾನುವಾರ ಬೆಳಿಗ್ಗೆ ತಿಂಡಿಯ ತಟ್ಟೆಯ ಮುಂದೆ ಘೋಷಿಸಿದೆ.

ನಮ್ಮ ಯಜಮಾನರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಒಳ್ಳೇದು. ಆ ಉಪ್ಪು ಸ್ವಲ್ಪ ಈ ಕಡೆ ತಳ್ಳು" ಎಂದರು.

ಅತ್ತೆ ಮಾತ್ರ ಆಸಕ್ತಿ ತೋರಿಸಿದರು. "ಯಾರಿಗೆ ಹೊಲೀತೀಯಮ್ಮಾ?"

"ಎಲ್ಲರಿಗೂ, ಅತ್ತೆ. ಒಂದೇ ಅಳತೆ. ಯಾರು ಹಾಕ್ಕೊಂಡ್ರೂ ಹಿಡಿಸ್ಬೇಕು. ನನ್ನ ಬ್ರ್ಯಾಂಡಿನ ಹೆಸರೇ 'ಎಲ್ಲರಂಗಿ'."

"ನಂಗೂ ಇವನಿಗೂ ಒಂದೇ ಅಳತೆಯಾ?"

"ಹೂಂ."

ಅತ್ತೆ ಮಗನ ಹೊಟ್ಟೆಯನ್ನು ಒಮ್ಮೆ, ತಮ್ಮ ಕಡ್ಡಿಯಂಥ ಮುಂಗೈಯನ್ನು ಒಮ್ಮೆ ನೋಡಿದರು. "ಹಾಗಾದ್ರೆ ಇವನದನ್ನ ನಾನು ಅರ್ಧ ಹಾಸ್ಕೊಂಡು ಅರ್ಧ ಹೊದ್ಕೊಂಡು ಮಲಗಬಹುದು ಬಿಡು."

ನನ್ನ ಧೈರ್ಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ಅಳತೆಯ ಸಾಧನಗಳನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ನನ್ನದು ಹನ್ನೊಂದು ವರ್ಷದ ನೌಕರಿ. ಅಂಗಡಿಯ ತಕ್ಕಡಿ, ಆಸ್ಪತ್ರೆಯ ಥರ್ಮಾಮೀಟರು, ದರ್ಜಿಯ ಟೇಪು, ಎಲ್ಲವೂ ನನ್ನ ಮೇಜಿಗೆ ಬರುತ್ತವೆ. ಸರಿಯಿದ್ದರೆ ನಾನು ಸಹಿ ಹಾಕುತ್ತೇನೆ, ಅವು ಹೋಗುತ್ತವೆ. ಹನ್ನೊಂದು ವರ್ಷ ಬೇರೆಯವರ ವಸ್ತು ಸರಿಯಿದೆ ಎಂದು ಸಹಿ ಹಾಕಿ ಹಾಕಿ, ನಾನೇ ಮಾಡಿದ ಒಂದೇ ಒಂದು ವಸ್ತು ಬೀದಿಯಲ್ಲಿ ಯಾರದೋ ಮೈಮೇಲೆ ನಡೆದುಹೋಗುವುದನ್ನು ನೋಡಬೇಕೆಂಬ ಆಸೆ ಹುಟ್ಟಿತ್ತು. ಯಾರಿಗೂ ಹೇಳಿಕೊಳ್ಳದಷ್ಟು ದೊಡ್ಡ ಆಸೆ.

ಪ್ರಯೋಗಾಲಯದ ಮುಖ್ಯಸ್ಥೆ ಅಂಗಿಯ ಕೆಲಸಕ್ಕೆಂದೇ ಮೂರು ತಿಂಗಳ ರಜೆ ಕೊಟ್ಟರು. ಕೊಡುವಾಗ ಹೇಳಿದ್ದು ಇಷ್ಟೇ: "ಮೂರು ತಿಂಗಳ ಮೇಲಿನ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಒಂದೋ ನೀವು ಬರ್ಬೇಕು, ಇಲ್ಲಾ ನಿಮ್ಮ ರಾಜೀನಾಮೆ ಬರ್ಬೇಕು."

ಮನೆಯಲ್ಲೂ ಒಂದು ಒಪ್ಪಂದವಾಯಿತು. ರಜೆಯ ಕೊನೆಯ ಶನಿವಾರ, ಭಾನುವಾರ ಸಮುದಾಯ ಭವನದಲ್ಲಿ ಪ್ರದರ್ಶನ ಮಾರಾಟವಿತ್ತು. ಹೊಲಿಸುವುದು ಅರವತ್ತು ಅಂಗಿ. ಎರಡು ದಿನದಲ್ಲಿ ಮೂವತ್ತು ಹೋದರೆ ರಾಜೀನಾಮೆ, ಹೋಗದಿದ್ದರೆ ಸೋಮವಾರ ಒಂಬತ್ತಕ್ಕೆ ಮತ್ತೆ ತಕ್ಕಡಿಯ ಮುಂದೆ. "ಮಧ್ಯದ ದಾರಿ ಇಲ್ಲ" ಎಂದರು ಯಜಮಾನರು. ನಾನೂ ಕೈಕುಲುಕಿದೆ.

ಇನ್ನು ಅಳತೆ. ಒಬ್ಬೊಬ್ಬರನ್ನು ನಿಲ್ಲಿಸಿಕೊಂಡು ನಾಲ್ಕು ನಾಲ್ಕು ಅಳತೆ ತೆಗೆದರೆ ಜನ ಬೇಸರಗೊಂಡು ಅಲ್ಲಾಡುತ್ತಾರೆ, ಅಲ್ಲಾಡಿದರೆ ದೋಷ ನುಸುಳುತ್ತದೆ. ಆದ್ದರಿಂದ ದಿನಕ್ಕೆ ಒಂದೇ ಅಳತೆ, ಒಂದೊಂದಕ್ಕೂ ನಲವತ್ತು ಜನ ಎಂದು ವೇಳಾಪಟ್ಟಿ ಹಾಕಿದೆ. ಇದರಲ್ಲಿ ಏನು ತಪ್ಪಿದೆ ಎಂದು ನಿಮಗೆ ಈಗಲೇ ಹೊಳೆದಿದ್ದರೆ ನೀವು ನನ್ನಷ್ಟು ಓದಿದವರಲ್ಲ ಎಂದರ್ಥ.

ಸೋಮವಾರ ಎದೆ. ನಮ್ಮ ಕಟ್ಟಡದ ನೆಲಮಹಡಿಯಲ್ಲೇ ಜಿಮ್ ಇದೆ. ನಲವತ್ತು ಜನ ಒಂದೇ ಕಡೆ ಸಿಕ್ಕಿದರಲ್ಲ ಎಂದು ಹಿಗ್ಗಿದೆ. ಅವರು ನನಗಿಂತ ಹೆಚ್ಚು ಹಿಗ್ಗಿದರು. ಟೇಪು ಸುತ್ತಿದೊಡನೆ ಪ್ರತಿಯೊಬ್ಬರೂ ಆಳವಾಗಿ ಉಸಿರೆಳೆದುಕೊಂಡು, ಕನ್ನಡಿಯ ಕಡೆ ತಿರುಗಿ ನಿಂತರು. ಆ ಉಸಿರೂ ಲೆಕ್ಕಕ್ಕೆ ಸೇರಿತು.

ಮಂಗಳವಾರ ತೋಳಿನ ಉದ್ದ. ಪಕ್ಕದ ಮನೆಯ ಮೇಷ್ಟರು ತಮ್ಮ ಆರನೇ ತರಗತಿಯ ನಲವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಟ್ಟರು. ಎಂಥ ಶಿಸ್ತು! ಒಂದು ಕೈಯೂ ಅಲ್ಲಾಡಲಿಲ್ಲ.

ಬುಧವಾರ ಅಂಗಿಯ ಉದ್ದ. ಬಾಸ್ಕೆಟ್‌ಬಾಲ್ ಮೈದಾನದಲ್ಲಿ ನಲವತ್ತು ಆಟಗಾರರು. ಭುಜಕ್ಕೆ ಟೇಪು ಹಿಡಿಯಲು ನಾನು ಬೆಂಚಿನ ಮೇಲೆ ಹತ್ತಬೇಕಾಯಿತು.

ಗುರುವಾರ ಕುತ್ತಿಗೆ. ಅತ್ತೆಯ ಜೊತೆ ಸಂಜೆ ವಾಕಿಂಗ್ ಹೋಗುವ ಹಿರಿಯರ ಬಳಗ. "ಕತ್ತಿನ ಹತ್ರ ಬಿಗಿ ಆದ್ರೆ ನಂಗೆ ಉಸಿರೇ ಆಡಲ್ಲ, ಎರಡು ಬೆರಳು ಬಿಡಮ್ಮಾ" ಎಂದರು ಒಬ್ಬರು. ಮುಂದಿನವರು ನಾಲ್ಕು ಬೆರಳು ಬಿಡಿಸಿದರು. ಕೊನೆಯ ಅಜ್ಜ ಅಂಗೈಯನ್ನೇ ಒಳಗೆ ತೂರಿಸಿಕೊಂಡು, "ಈಗ ನೋಡು" ಎಂದರು.

ಶುಕ್ರವಾರ ನಾಲ್ಕು ಸರಾಸರಿಗಳನ್ನು ಮಿಲಿಮೀಟರಿನವರೆಗೆ ತೆಗೆದು, ಚೀಟಿಯಲ್ಲಿ ಬರೆದು, ಮೆಟ್ಟಿಲಿನ ಕೆಳಗಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ಟೈಲರ್ ಮಾಸ್ಟರ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ಓದಿದರು. ಇಳಿಸಿ ಓದಿದರು. ಆಮೇಲೆ ಚೀಟಿಯ ಹಿಂಬದಿಯಲ್ಲೇನಾದರೂ ಇದೆಯೇ ಎಂದು ನೋಡಿದರು.

"ಅಕ್ಕಾ, ಈ ಗಿರಾಕಿನ ನಾನೊಂದ್ಸಲ ನೋಡ್ಬೇಕು."

"ಇದು ಒಬ್ಬರದಲ್ಲ ಮಾಸ್ಟರೇ. ಎಲ್ಲರದು."

"ಎಲ್ಲರದಾ? ಹಾಗಾದ್ರೆ ಸರಿ. ನನ್ನ ಅನುಭವದಲ್ಲಿ ಎಲ್ಲರದು ಅಂದ್ರೆ ಯಾರದೂ ಅಲ್ಲ."

"ಒಂದೊಂದು ಅಳತೆಗೂ ನಲವತ್ತು ಜನರನ್ನ ನೋಡಿದೀನಿ."

"ನೀವು ನಲವತ್ತು ಜನರನ್ನ ನೋಡಿದೀರಿ. ನಾನು ಹಾಕ್ಕೊಳ್ಳೋ ಒಬ್ಬನ್ನ ನೋಡ್ಬೇಕು ಅಂತಿದೀನಿ." ಅಷ್ಟು ಹೇಳಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡರು. ಪಿನ್ನು ಕಚ್ಚಿದ ಮೇಲೆ ಮಾಸ್ಟರು ವಾದ ಮಾಡುವುದಿಲ್ಲ. ತೋಳಿನ ಅಗಲವನ್ನು ನಾನು ಬರೆದೇ ಇರಲಿಲ್ಲ, ಅದನ್ನು ಅವರೇ ಎದೆಗೆ ಒಪ್ಪುವ ಹಾಗೆ ಧಾರಾಳವಾಗಿ ಬಿಟ್ಟರು.

ಎರಡು ತಿಂಗಳಲ್ಲಿ ಅರವತ್ತು ಅಂಗಿಗಳೂ ತಯಾರಾದವು. ತಿಳಿನೀಲಿ ಹತ್ತಿಬಟ್ಟೆ, ಎರಡು ದೊಡ್ಡ ಜೇಬು, ಕೂದಲೆಳೆಯಷ್ಟೂ ಓರೆಯಿಲ್ಲದ ಹೊಲಿಗೆ. ಹಜಾರದ ತುಂಬ ಹ್ಯಾಂಗರಿಗೆ ತೂಗುಹಾಕಿದೆ. ಹ್ಯಾಂಗರಿಗೆ ಕೈಯಿಲ್ಲ, ಕುತ್ತಿಗೆಯೂ ಇಲ್ಲ. ಆದ್ದರಿಂದ ಅಂಗಿಗಳು ಬಹಳ ಚೆನ್ನಾಗಿ ಕಂಡವು.

"ಒಂದು ಹಾಕ್ಕೊಂಡು ನೋಡ್ಲಾ?" ಎಂದರು ಯಜಮಾನರು.

"ಮುಟ್ಟಬೇಡಿ ರೀ. ಇಸ್ತ್ರಿ ಹಾಳಾಗುತ್ತೆ."

"ಅಲ್ವೇ, ಒಬ್ಬರಾದ್ರೂ ಹಾಕಿ ನೋಡ್ಬೇಡ್ವಾ?"

"ಒಬ್ಬ ಮನುಷ್ಯನನ್ನ ನೋಡಿ ತೀರ್ಮಾನಕ್ಕೆ ಬರೋದು ವಿಜ್ಞಾನ ಅಲ್ಲ."

"ನಿನ್ನನ್ನ ಮದುವೆ ಆಗೋವಾಗ ನಾನು ಹಾಗೇ ತೀರ್ಮಾನಕ್ಕೆ ಬಂದಿದ್ದು" ಎಂದು ಗೊಣಗುತ್ತ ಅವರು ಅಂಗಿಗಳ ಕೆಳಗೆ ಬಗ್ಗಿಕೊಂಡು ಅಡುಗೆಮನೆಗೆ ಹೋದರು.

ಶನಿವಾರ ಹತ್ತು ಗಂಟೆಗೆ ಪ್ರದರ್ಶನದ ಬಾಗಿಲು ತೆರೆಯಿತು. ಹತ್ತೂ ಕಾಲಿಗೆ ನನ್ನ ವಿಜ್ಞಾನದ ಬಾಗಿಲು ಮುಚ್ಚಿತು.

ಮೊದಲು ಬಂದವರು ಜಿಮ್ಮಿನ ತರಬೇತುದಾರರು, ಅಭಿಮಾನದಿಂದ. ಎದೆ ಅಚ್ಚು ಹಾಕಿದ ಹಾಗೆ ಕೂತಿತು. ಆದರೆ ತೋಳು ಮೊಣಕೈ ದಾಟಿ ನಾಲ್ಕು ಬೆರಳಿಗೆ ನಿಂತಿತು, ಕಾಲರು ಒಂದು ಭುಜದಿಂದ ಜಾರಿತು, ಅಂಚು ತೊಡೆಯ ಅರ್ಧ ಮುಚ್ಚಿತು. ಅವರು ಕನ್ನಡಿಯಲ್ಲಿ ನೋಡಿಕೊಂಡು, "ನಮ್ಮಜ್ಜಿ ನೈಟಿ ಥರ ಇದೆ ಮೇಡಂ" ಎಂದರು. ಬೈಗುಳವಲ್ಲ, ಪಾಪ. ಕಂಡದ್ದನ್ನು ಹೇಳಿದರು.

ಶಾಲೆಯ ಹುಡುಗಿಯರಿಬ್ಬರು ಬಂದರು. ತೋಳು ಮಣಿಕಟ್ಟಿಗೆ ಸರಿಯಾಗಿ ಕೂತಿತು. ಆದರೆ ಒಂದೇ ಅಂಗಿಯೊಳಗೆ ಇಬ್ಬರೂ ಹೊಕ್ಕರು, ಒಬ್ಬಳ ಎಡಗೈ, ಇನ್ನೊಬ್ಬಳ ಬಲಗೈ. ಹಾಗೇ ಭವನದಲ್ಲಿ ಎರಡು ಸುತ್ತು ಓಡಿದರು. ಜನ ನಕ್ಕರು, ಕೊಳ್ಳಲಿಲ್ಲ. ಬಾಸ್ಕೆಟ್‌ಬಾಲ್ ಆಟಗಾರನಿಗೆ ಉದ್ದ ಮಾತ್ರ ಹಿಡಿಸಿತು. ವಾಕಿಂಗ್ ಬಳಗದ ಅಜ್ಜ ಕುತ್ತಿಗೆಗೆ ಕೈ ಹಾಕಿ ನೋಡಿ, "ಇಲ್ಲಿ ಮಾತ್ರ ಪರಮಸುಖ. ಉಳಿದದ್ದು ಯಾರಿಗಮ್ಮಾ?" ಎಂದು ಕೇಳಿದರು.

ಆಗ ತಿಳಿಯಿತು. ನಾನು ಅಳೆದದ್ದು ಎಲ್ಲರನ್ನೂ ಅಲ್ಲ. ಪೈಲ್ವಾನನ ಎದೆ, ಮಗುವಿನ ತೋಳು, ಆಟಗಾರನ ಉದ್ದ, ಅಜ್ಜನ ಕುತ್ತಿಗೆ ಇರುವ, ಇನ್ನೂ ಹುಟ್ಟಬೇಕಾದ ಒಬ್ಬ ಮಹಾನುಭಾವನನ್ನು! ಮಾಸ್ಟರು ಮೊದಲ ದಿನವೇ ನೋಡಬೇಕೆಂದಿದ್ದ ಗಿರಾಕಿ ಅವನೇ.

ಶನಿವಾರ ರಾತ್ರಿಯ ಊಟಕ್ಕೆ ಕೂತಾಗ ಮಾರಾಟದ ಸಂಖ್ಯೆ ಸೊನ್ನೆ. ಯಜಮಾನರು ಗೆದ್ದ ಮಾತು ಆಡಲಿಲ್ಲ. ನನ್ನ ಆಫೀಸಿನ ಚೀಲದ ಧೂಳು ಒರೆಸಿ ಕುರ್ಚಿಯ ಮೇಲೆ ಇಟ್ಟರು. "ಬೇಜಾರು ಮಾಡ್ಕೋಬೇಡ. ಹೊಲಿಗೆ ಮಾತ್ರ ಚೆನ್ನಾಗಿದೆ" ಎಂದರು.

"ಹೊಲಿದಿದ್ದು ಮಾಸ್ಟರು" ಎಂದೆ.

"ಹೌದಲ್ಲ" ಎಂದು ಅವರು ಬೇರೇನಾದರೂ ಹೊಗಳಲು ಸಿಗುತ್ತದೆಯೇ ಎಂದು ಯೋಚಿಸಿ, "ಬಣ್ಣನೂ ಚೆನ್ನಾಗಿದೆ" ಎಂದರು.

ಭಾನುವಾರ ಮಧ್ಯಾಹ್ನ ಮೂರಾದರೂ ಸೊನ್ನೆಯೇ. ನಮ್ಮ ಪಕ್ಕದ ಮಳಿಗೆಯಲ್ಲಿ ಕುಂಬಾರಿಕೆ ಕಲಿಸುವ ಹೆಂಗಸೊಬ್ಬರು ತಿರುಗುವ ಚಕ್ರದ ಮೇಲೆ ಹೂಜಿ ಮಾಡಿ ತೋರಿಸುತ್ತಿದ್ದರು. ಯಜಮಾನರಿಗೆ ಬೇರೆ ಕೆಲಸವಿರಲಿಲ್ಲ. "ನಾನೊಂದು ಕೈ ನೋಡ್ತೀನಿ" ಎಂದು ಹೋಗಿ ಚಕ್ರದ ಮುಂದೆ ಕೂತರು. ಅವರ ಹೂಜಿ ಒಂದು ಗೇಣು ಎದ್ದಿತು, ತಲೆ ತಿರುಗಿದವರಂತೆ ವಾಲಿತು, ಆಮೇಲೆ ಹಾರಿತು. ಅರ್ಧ ಗೋಡೆಗೆ, ಅರ್ಧ ಆ ಹೆಂಗಸಿನ ಬಿಳಿ ಉಡುಪಿಗೆ.

ನಾನು ನಾಚಿಕೆಯಿಂದ ಮೇಜಿನ ಕೆಳಗೆ ಸೇರುವ ಯೋಚನೆಯಲ್ಲಿದ್ದೆ. ಅತ್ತೆ ಸೀದಾ ಎದ್ದು ಹ್ಯಾಂಗರಿನಿಂದ ಒಂದು ಅಂಗಿ ಕಿತ್ತರು. "ತೊಗೋ ತಾಯೀ, ಬಟ್ಟೆ ಮೇಲೆ ಇದನ್ನ ಹಾಕ್ಕೋ. ಹೇಗಿದ್ರೂ ಬಿದ್ದಿವೆ."

ಆಕೆ ಗುಂಡಿಯನ್ನೂ ಬಿಚ್ಚಲಿಲ್ಲ. ಕುತ್ತಿಗೆ ಅಷ್ಟು ಸಡಿಲ, ತಲೆ ನೇರ ಇಳಿಯಿತು. ಅಗಲ ಎಷ್ಟಿತ್ತೆಂದರೆ ಒಳಗಿನ ಉಡುಪು ಒಂದು ಮಡಿಕೆಯೂ ಬೀಳದೆ ಮುಚ್ಚಿಹೋಯಿತು. ಚಕ್ರದ ಮುಂದೆ ಕೂತಾಗ ಅಂಚು ಮಂಡಿಯವರೆಗೂ ಬಂತು. ತೋಳು ಮಾತ್ರ ಮಣ್ಣಿಗೆ ಮುಂಚೆಯೇ, ಮುಂಗೈಯ ಮಧ್ಯದಲ್ಲಿ ನಿಂತಿತು. ಆಕೆ ಒಂದು ಹೂಜಿ ಮಾಡಿದರು. ಇನ್ನೊಂದು ಮಾಡಿದರು. ಮೂರನೆಯದನ್ನು ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಇದನ್ನ ಯಾರು ಯೋಚನೆ ಮಾಡಿ ಮಾಡಿದ್ದು? ಹದಿನೈದು ವರ್ಷದಿಂದ ದಿನಕ್ಕೆ ನೂರು ಸಲ ತೋಳು ಮಡಚ್ತಾ ಇದೀನಿ. ಇವತ್ತು ಒಂದ್ಸಲನೂ ಮಡಚಿಲ್ಲ."

ನಾನು ವಿನಯದಿಂದ ಬಾಯಿ ತೆರೆದೆ. "ಇದು, ಅಂದ್ರೆ, ಸುಮಾರು ನೂರರವತ್ತು ಜನರ ಅಧ್ಯಯನ..."

"ಅಧ್ಯಯನ ಅಲ್ಲಮ್ಮಾ, ಎಡವಟ್ಟು" ಎಂದರು ಅತ್ತೆ. "ಎಷ್ಟು ಬೇಕು ಹೇಳು, ಕಟ್ಟಿಕೊಡ್ತೀನಿ."

ಆಕೆ ತಮ್ಮ ತರಗತಿಗೆಂದು ಹನ್ನೆರಡು ತೆಗೆದುಕೊಂಡರು. ಅದನ್ನು ಕಂಡ ಕ್ಷೌರದಂಗಡಿಯವರು ಬಂದು, ತೋಳೊಳಗೆ ಕೂದಲು ಸಿಕ್ಕಿಕೊಳ್ಳುವುದಿಲ್ಲ ಎಂದು ಆರು ಆರಿಸಿದರು. ಚಿತ್ರಕಲೆಯ ಶಾಲೆಯವರು ಒಂಬತ್ತು. ಬ್ರೆಡ್ಡು ಸುಡುವ ಅಣ್ಣ ತಮ್ಮಂದಿರು, ಇಬ್ಬರೂ ಗಜಗಾತ್ರದವರು, ಅಳತೆಯನ್ನೇ ಕೇಳದೆ ನಾಲ್ಕು. ನಾನು ಖಾಲಿಯಾದ ಹ್ಯಾಂಗರು ಎಣಿಸಿದೆ. ಹನ್ನೆರಡು, ಹದಿನೆಂಟು, ಇಪ್ಪತ್ತೇಳು, ಮೂವತ್ತೊಂದು. ಮೂವತ್ತೊಂದು! ಯಜಮಾನರು ಮಣ್ಣು ಮೆತ್ತಿದ ಕೈಯಲ್ಲೇ ನನ್ನ ಕೈ ಕುಲುಕಿದರು. "ನೋಡಿದ್ಯಾ, ನಾನು ಹೂಜಿ ಹಾರಿಸದಿದ್ರೆ ಏನಾಗ್ತಿತ್ತು?" ಎಂಬ ಮಾತನ್ನು ಅಂದಿನಿಂದ ಇಂದಿನವರೆಗೆ ನಮ್ಮ ಮನೆಗೆ ಬಂದ ಪ್ರತಿಯೊಬ್ಬರಿಗೂ ಹೇಳುತ್ತಿದ್ದಾರೆ.

ಹೊರಡುವ ಮುಂಚೆ ಕುಂಬಾರಿಕೆಯ ಹೆಂಗಸು ಇನ್ನೂ ಐವತ್ತಕ್ಕೆ ಬೇಡಿಕೆ ಕೊಟ್ಟು ಒಂದು ಷರತ್ತು ಹಾಕಿದರು. "ಅಳತೆ ಇದೇ ಇರ್ಲಿ. ದಯವಿಟ್ಟು ಸರಿ ಮಾಡೋಕೆ ಹೋಗ್ಬೇಡಿ."

ನಾವು ಬಾಗಿಲ ಹತ್ತಿರ ಬಂದಾಗ, ಹಳದಿ ಚೀಲ ಹಿಡಿದ ಯಾರೋ ಅಪರಿಚಿತೆ, ಚಿತ್ರಕಲೆಯ ಶಾಲೆಯವಳಿರಬೇಕು, ನಮ್ಮ ತಿಳಿನೀಲಿ ಅಂಗಿಯನ್ನು ಹಾಕಿಕೊಂಡೇ ರಸ್ತೆ ದಾಟಿ ಹೋದಳು. ಅವಳು ಆ ಬದಿಯ ತಿರುವಿನಲ್ಲಿ ಮರೆಯಾಗುವವರೆಗೂ ನಾವು ಮೂವರೂ ನಿಂತು ನೋಡಿದೆವು.

ಮನೆಗೆ ಬಂದವಳೇ ರಾಜೀನಾಮೆಯ ಅರ್ಜಿ ತೆರೆದೆ. ಹೆಸರು, ಹುದ್ದೆ, ಸೇವೆಯ ಅವಧಿ ಎಲ್ಲ ತುಂಬಿದೆ. 'ಕಾರಣ' ಎಂಬ ಖಾನೆಯಲ್ಲಿ ಪೆನ್ನು ನಿಂತಿತು.

"ವೈಯಕ್ತಿಕ ಅಂತ ಬರಿ" ಎಂದರು ಯಜಮಾನರು.

"ಹನ್ನೊಂದು ವರ್ಷ ಒಂದೂ ಸುಳ್ಳು ವರದಿ ಬರೆದಿಲ್ಲ ರೀ. ಕೊನೇ ಕಾಗದದಲ್ಲಿ ಜಾರಿಕೊಳ್ಳೋ ಮಾತು ಬರೀಲಾ?"

"ಹಾಗಾದ್ರೆ ಇರೋದನ್ನೇ ಬರಿಯಮ್ಮಾ" ಎಂದರು ಅತ್ತೆ. "ಅಳತೆ ತೆಗೆಯೋಕೆ ಬರಲ್ಲ, ಅದಕ್ಕೇ ಬಿಡ್ತಿದೀನಿ ಅಂತ. ಅವರೂ ತಡೆಯಲ್ಲ."

ಸಂತೋಷದಲ್ಲಿರುವ ಮನುಷ್ಯರಿಗೆ ವಿವೇಕ ಕಡಿಮೆ. ನಗುತ್ತ ಅದನ್ನೇ ಅಕ್ಷರಶಃ ಬರೆದು, ಸಹಿ ಹಾಕಿ, ಸೋಮವಾರ ಒಂಬತ್ತಕ್ಕೆ ಸರಿಯಾಗಿ ತಲುಪಿಸಿದೆ.

ಗುರುವಾರ ಬೆಳಿಗ್ಗೆ ಮುಖ್ಯಸ್ಥೆಯ ಫೋನು ಬಂತು.

"ರಾಜೀನಾಮೆ ಒಪ್ಕೊಂಡಿದೀವಿ. ನಿಮ್ಮ ಅಂಗಿಗೆ ಒಳ್ಳೇದಾಗ್ಲಿ."

"ತುಂಬಾ ಥ್ಯಾಂಕ್ಸ್ ಮೇಡಂ."

"ಒಂದೇ ವಿಷಯ. ಕಾರಣದ ಖಾನೆ ಓದಿದ ಮೇಲೆ ನಿಯಮದ ಪ್ರಕಾರ ನಾವು ಸುಮ್ನೆ ಕೂರೋ ಹಾಗಿಲ್ಲ. ಹನ್ನೊಂದು ವರ್ಷದಲ್ಲಿ ನೀವು ಸಹಿ ಹಾಕಿ ಕಳಿಸಿದ ತಕ್ಕಡಿ, ಟೇಪು, ಥರ್ಮಾಮೀಟರು ಎಲ್ಲಾನೂ ವಾಪಸ್ ತರಿಸ್ತಾ ಇದೀವಿ. ಮೊದಲನೇ ಲಾರಿ ಬಂದಾಗಿದೆ. ಇಳಿಸೋರ ಬಟ್ಟೆಗೆ ಧೂಳು ಮೆತ್ತದ ಹಾಗೆ ಮೈಮೇಲೆ ಹಾಕ್ಕೊಳ್ಳೋಕೆ ನಿಮ್ಮ ಅಂಗಿ ಏನಾದ್ರೂ ಉಳಿದಿದ್ಯಾ?"